ಎರಡು ಮನೆ, ಒಂದೇ ನಂಬರು

ಕಳೆದ ತಿಂಗಳು ಮನೆಗೆ ಬಣ್ಣ ಹಚ್ಚಿಸಿದೆವು. ನಡುಮನೆಯ ಕಪಾಟು ಸರಿಸಿದಾಗ ಅದರ ಹಿಂದಿನ ಗೋಡೆಯ ಮೇಲೆ ಕರಿ ಸ್ಕೆಚ್ ಪೆನ್ನಿನಿಂದ, ನನ್ನದೇ ದುಂಡು ಅಕ್ಷರದಲ್ಲಿ, ಒಂದು ಅಂಕಿ ಬರೆದದ್ದು ಕಂಡಿತು: 192.168.1.2. ಬಣ್ಣದವನು ಬ್ರಷ್ ಕೆಳಗಿಟ್ಟು ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ಧ್ವನಿ ತಗ್ಗಿಸಿ, ಇದು ಯಾವ ಬಾಜಾರಿನ ಮಟ್ಕಾ ನಂಬರು, ಹತ್ತಿತ್ತೋ ಇಲ್ಲೋ ಎಂದು ಕೇಳಿದ. ಜೀವಮಾನವೆಲ್ಲ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತನಾದ ಮಾಸ್ತರ ನಾನು. ಮಟ್ಕಾ ಅಲ್ಲಪ್ಪ, ಇದು ಕಂಪ್ಯೂಟರಿನ ವಿಳಾಸ ಎಂದೆ. ಅವನು ನಂಬಲಿಲ್ಲ. ಬಳಿಯುವ ಮೊದಲು ಆ ಅಂಕಿಯನ್ನು ತನ್ನ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡ. ಹತ್ತಿದರೆ ನನಗೂ ಒಂದು ಚಹಾ ಕುಡಿಸುತ್ತಾನೆಂದು ಕಾಯುತ್ತಿದ್ದೇನೆ.

ಆ ಅಂಕಿಯ ಕತೆ ಹೇಳಬೇಕಾದರೆ ಮೊದಲು ಅಂಕಿಗಳಿಗೂ ನನಗೂ ಇರುವ ನಂಟು ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ರನ್ನ ಬೆಳಗಲಿಯಲ್ಲಿ. ಅಲ್ಲಿಯ ಸಾಲೆಯಲ್ಲಿ ನಮ್ಮ ಒಂದೇ ತರಗತಿಯಲ್ಲಿ ಆರು ಮಂದಿ ಬಸವರಾಜರು, ಅವರಲ್ಲಿ ನಾನೂ ಒಬ್ಬ. ಮಾಸ್ತರರು ಬೆಲ್ಲ ಹಂಚಲು ಬಸವರಾಜ ಎಂದು ಕೂಗಿದರೆ ಆರೂ ಜನ ಎದ್ದು ನಿಲ್ಲುತ್ತಿದ್ದೆವು. ಹೊಡೆಯಲು ಕೂಗಿದರೆ ಒಬ್ಬನೂ ಏಳುತ್ತಿರಲಿಲ್ಲ. ಬೇಸತ್ತ ಅವರು ನಮಗೆ ಹೆಸರು ತೆಗೆದು ಹಾಜರಿ ಪಟ್ಟಿಯ ನಂಬರು ಇಟ್ಟರು. ನನಗೆ ಬಂದದ್ದು ಇಪ್ಪತ್ತೇಳು. ನನಗೆ ಅದು ಎಷ್ಟು ಹಿಡಿಸಿತೆಂದರೆ ಉಣ್ಣುವ ತಾಟಿನ ಹಿಂದೆ ಮೊಳೆಯಿಂದ ಇಪ್ಪತ್ತೇಳು ಎಂದು ಕೆತ್ತಿದೆ. ಬರೆಯುವ ಪಾಟಿಯ ಕಟ್ಟಿಗೆಯ ಮೇಲೆ ಕೆತ್ತಿದೆ. ಕೊನೆಗೆ ನಮ್ಮ ಎಮ್ಮೆಯ ಕೋಡಿನ ಮೇಲೂ ಸುಣ್ಣದಿಂದ ಬರೆದೆ. ಎಮ್ಮೆ ಏನೂ ಅನ್ನಲಿಲ್ಲ. ಅವ್ವ ಮಾತ್ರ ಹಾಲು ಹಿಂಡುವುದನ್ನು ನಿಲ್ಲಿಸಿ ಎದ್ದು ಬಂದು ನನ್ನ ಬೆನ್ನಿನ ಮೇಲೆ ಐದು ಬೆರಳಿನ ಲೆಕ್ಕ ಬರೆದಳು. ಆದರೂ ಬುದ್ಧಿ ಬರಲಿಲ್ಲ. ಯಾವುದಕ್ಕೇ ಆಗಲಿ, ಒಂದು ಖಾಯಂ ನಂಬರು ಇದ್ದರೆ ಅದಕ್ಕೊಂದು ಮರ್ಯಾದೆ ಎಂಬ ಹುಚ್ಚು ನನಗೆ ಅಂದೇ ಹಿಡಿಯಿತು. ಅದನ್ನೇ ಬಂಡವಾಳ ಮಾಡಿಕೊಂಡು ಗಣಿತದ ಮಾಸ್ತರನಾದೆ.

ನೌಕರಿಯ ಮೇಲೆ ಬನಹಟ್ಟಿಗೆ ಬಂದು ಇಲ್ಲೇ ಮನೆ ಮಾಡಿದೆ. ಈ ಊರಿನಲ್ಲಿ ಪ್ರತಿ ಬಾಗಿಲ ಮೇಲೂ ಪುರಸಭೆಯವರು ಹೊಡೆದ ನಂಬರಿನ ತಗಡು ಇದೆ. ಅದನ್ನು ನೋಡಿದವನು ಊರಿಗೆಲ್ಲ ನಾನೊಬ್ಬನೇ ಇರಬೇಕು. ಇಲ್ಲಿ ವಿಳಾಸ ಕೇಳಿದರೆ, ಎಡಕ್ಕೆ ಹೊರಳಿ ಆರು ಮಗ್ಗದ ಮನೆ ದಾಟಿ, ಆಚೆ ಬಾಜೂಕೆ ಅಳುವ ಕೂಸಿನ ಮನೆ ಎನ್ನುತ್ತಾರೆ. ಆ ಅಳುವ ಕೂಸು ನನ್ನ ಕೈಯಲ್ಲೇ ಹತ್ತನೆಯ ಇಯತ್ತೆ ಪಾಸಾಗಿ, ಲಗ್ನವಾಗಿ, ಈಗ ಮೀಸೆಗೆ ಬಣ್ಣ ಹಚ್ಚುತ್ತಾನೆ. ಮನೆ ಇಂದಿಗೂ ಅಳುವ ಕೂಸಿನ ಮನೆಯೇ.

ನಮ್ಮ ಮನೆಗೆ ಗೋಡೆ ಹಂಚಿಕೊಂಡು ಮಲ್ಲಪ್ಪನ ಮನೆ. ಮುಂದೆ ವಾಸ, ಹಿಂದೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಸೀರೆ ನೇಯುವ ನಾಲ್ಕು ಪಾವರ್ ಮಗ್ಗ. ಮಲ್ಲಪ್ಪ ನನಗಿಂತ ಹತ್ತು ವರ್ಷ ಹಿರಿಯ, ಮಾತು ಕಡಿಮೆ. ದಿನವಿಡೀ ಮಗ್ಗಗಳೇ ಮಾತಾಡುವಾಗ ತಾನೇಕೆ ನಡುವೆ ಬಾಯಿ ಹಾಕಬೇಕು ಎನ್ನುವಂಥ ಮನುಷ್ಯ. ಅವನ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗಳು ಸುವರ್ಣಾ ಗಂಡನ ಮನೆಯಲ್ಲಿ ಬಾಳಲಾರದೆ ಒಂದು ದಿನ ಟ್ರಂಕು ಹಿಡಿದು ತಿರುಗಿ ಬಂದಳು. ಓಣಿಯವರು ಅವಳೆದುರಿಗೆ ಏನೂ ಅನ್ನಲಿಲ್ಲ. ಅವಳು ಆಚೆ ಹೋದ ಮೇಲೆ ಅನ್ನುವುದನ್ನೆಲ್ಲ ಅಂದರು. ಮಲ್ಲಪ್ಪ ಮಾತ್ರ ಒಂದು ಪ್ರಶ್ನೆಯನ್ನೂ ಕೇಳದೆ ಟ್ರಂಕನ್ನು ಒಳಗಿಟ್ಟ. ಆಮೇಲೆ ಅವಳಿಗೆ ಸೀರೆಯ ದಡಿಗಳ, ಅಂದರೆ ಅಂಚುಗಳ, ನಕ್ಷೆ ತೆಗೆಯಲು ಹಚ್ಚಿದ. ಮೊದಲು ಚೌಕುಳಿ ಹಾಳೆಯ ಮೇಲೆ ತೆಗೆಯುತ್ತಿದ್ದಳು. ಆಮೇಲೆ ಜಮಖಂಡಿಯಿಂದ ಒಂದು ಹಳೆಯ ಕಂಪ್ಯೂಟರ್ ತಂದುಕೊಟ್ಟ. ಬಂದ ಹೊಸತರಲ್ಲಿ ತಲೆ ಎತ್ತದೆ ಓಡಾಡುತ್ತಿದ್ದ ಹುಡುಗಿ, ಅದರ ಮುಂದೆ ಕುಳಿತ ಮೇಲೆ ನಗುವ ಸಪ್ಪಳ ಗೋಡೆಯಾಚೆಗೆ ನಮಗೂ ಕೇಳತೊಡಗಿತು.

ಅದೇ ಹೊತ್ತಿಗೆ ನಾನೂ ಕಂಪ್ಯೂಟರ್ ಪಂಡಿತನಾಗಿದ್ದೆ. ಜಮಖಂಡಿಯಲ್ಲಿ ಮಾಸ್ತರರಿಗೆಲ್ಲ ಹತ್ತು ದಿನದ ತರಬೇತಿ ಕೊಟ್ಟಿದ್ದರು. ಅದರಲ್ಲಿ ಎಂಟು ದಿನ ಉಪ್ಪಿಟ್ಟು ಚೆನ್ನಾಗಿತ್ತು. ಒಂಬತ್ತನೆಯ ದಿನ ಕಲಿಸುವವರು ಒಂದು ಮಾತು ಹೇಳಿದರು. ಇಂಟರ್ನೆಟ್ ಬೇಕಾದರೆ ಪ್ರತಿ ಕಂಪ್ಯೂಟರಿಗೂ ಒಂದು ಅಂಕಿಯ ವಿಳಾಸ ಬೇಕು. ಅದನ್ನು ಪಡೆಯಲು ಎರಡು ದಾರಿ: ಒಂದು, ಯಂತ್ರವೇ ತಾನಾಗಿ ಕೇಳಿ ಇಸಿದುಕೊಳ್ಳುತ್ತದೆ, ಇನ್ನೊಂದು, ನಾವೇ ಕೈಯಿಂದ ಬರೆದು ಕೂರಿಸುತ್ತೇವೆ. ತಾನಾಗಿ ಪಡೆದ ಅಂಕಿ ಇಂದು ಒಂದು, ನಾಳೆ ಇನ್ನೊಂದು ಇರಬಹುದು ಎಂದರು. ಅಲ್ಲಿಗೆ ನನ್ನ ಮನಸ್ಸು ನಿರ್ಧಾರ ಮಾಡಿಬಿಟ್ಟಿತು. ಇಂದೊಂದು ನಾಳೆಯೊಂದು ವಿಳಾಸ ಇಟ್ಟುಕೊಳ್ಳುವುದು ಸಂಸಾರಸ್ಥರ ಲಕ್ಷಣವಲ್ಲ. ಕೈಯಿಂದ ಬರೆಯುವುದನ್ನು ನಾನು ಪಟ್ಟಿಯಲ್ಲಿ, ಅಂದರೆ ನೋಟುಬುಕ್ಕಿನಲ್ಲಿ, ಅವರು ತೋರಿಸಿದ ಅಂಕಿಯ ಸಮೇತ ಎರಡು ಗೆರೆ ಎಳೆದು ಬರೆದುಕೊಂಡೆ. ಅವರು ಅದಾದ ಮೇಲೆ ಇನ್ನೂ ಅರ್ಧ ತಾಸು ಮಾತಾಡಿದರು. ಆ ಅರ್ಧ ತಾಸಿನಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ, ನಾನು ಗೆರೆಗಳನ್ನು ಸ್ಕೇಲಿನಿಂದ ಸರಿ ಮಾಡುತ್ತಿದ್ದೆ.

ಬ್ರಾಡ್‌ಬ್ಯಾಂಡ್ ಎಂಬುದು ಊರಿಗೆ ಬಂದ ಹೊಸತು. ಟೆಲಿಫೋನ್ ಲೈನ್‌ಮನ್ ದಸ್ತಗೀರ ನಮ್ಮ ಮನೆಗೆ ಅದನ್ನು ಜೋಡಿಸಿ ಹೋದ. ತಲೆಯ ಮೇಲೆ ಟೋಪಿ, ಸೈಕಲ್ಲಿಗೆ ತಂತಿಯ ಸುರುಳಿ, ಕಂಬ ಹತ್ತಿದರೆ ಊರಿನ ಸುದ್ದಿಯೆಲ್ಲ ತಿಳಿದುಕೊಂಡೇ ಇಳಿಯುವ ಮನುಷ್ಯ. ಅವನು ತಂದ ಬಿಳಿ ಡಬ್ಬಿಗೆ ಹಿಂದೆ ನಾಲ್ಕು ತೂತುಗಳಿದ್ದವು, ಮುಂದೆ ಮಿಣಿಮಿಣಿ ದೀಪಗಳಿದ್ದವು. ಅವನು ಹೋಗುವಾಗ ಎಲ್ಲ ಸರಿ ನಡೆಯುತ್ತಿತ್ತು. ಅವನು ಓಣಿ ದಾಟುವುದನ್ನೇ ಕಾದು, ನಾನು ಒಳಗೆ ಹೋಗಿ, ಯಂತ್ರಕ್ಕೆ ತಾನಾಗಿ ಬಂದಿದ್ದ ವಿಳಾಸವನ್ನು ತೆಗೆದುಹಾಕಿ, ನನ್ನ ಪಟ್ಟಿಯಲ್ಲಿದ್ದ 192.168.1.2 ಎಂಬುದನ್ನು ಒಂದೊಂದೇ ಬೆರಳಿನಿಂದ ಕೂರಿಸಿದೆ. ಮರೆಯಬಾರದೆಂದು ಗೋಡೆಯ ಮೇಲೂ ಬರೆದೆ. ನನ್ನ ಹೆಂಡತಿ ಗಿರಿಜಾ ಅಡುಗೆಮನೆಯಿಂದ ಇಣುಕಿ, ಈ ವಯಸ್ಸಿನಲ್ಲಿ ಗೋಡೆಯ ಮೇಲೆ ಬರೆಯುತ್ತೀರಲ್ಲ ಎಂದು ಕೇಳಿ ಒಳಗೆ ಹೋದಳು.

ನಾಲ್ಕು ತೂತಿನ ಡಬ್ಬಿಯಲ್ಲಿ ಮೂರು ತೂತು ಖಾಲಿ. ಸುವರ್ಣಾಳಿಗೂ ಇಂಟರ್ನೆಟ್ ಬೇಕಾಗಿತ್ತು. ಹೀಗಾಗಿ ಮಲ್ಲಪ್ಪ ಮತ್ತು ನಾನು ಒಂದೇ ಲೈನನ್ನು ಹಂಚಿಕೊಳ್ಳುವುದೆಂದು ಮಾತಾಯಿತು. ನೀಲಿ ಕೇಬಲ್ಲು ನಮ್ಮ ಕಿಟಕಿಯಿಂದ ಹೊರಟು, ಅರಿವೆ ಒಣಹಾಕುವ ತಂತಿಯ ಮೇಲೆ ಹಾದು, ಗೋಡೆ ದಾಟಿ ಅವರ ಮನೆ ಹೊಕ್ಕಿತು. ಆ ದಿನ ನಮ್ಮ ಮನೆಯ ಕಂಪ್ಯೂಟರ್ ಆರಿಸಿ, ಇಸ್ತ್ರಿಯ ಅಂಗಿ ಹಾಕಿಕೊಂಡು, ಪಟ್ಟಿ ಹಿಡಿದು ನಾನು ಅವರ ಮನೆಗೆ ಹೋದೆ. ಸುವರ್ಣಾ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಲೈನು ಒಂದೇ ಆದ ಮೇಲೆ ವಿಳಾಸವೂ ಒಂದೇ ಇರಬೇಕಲ್ಲವೇ? ಒಂದು ಮನೆಗೆ ಒಂದು ರೇಷನ್ ಕಾರ್ಡು ಇದ್ದ ಹಾಗೆ. ನನ್ನ ಮನೆಯಲ್ಲಿ ಕೂರಿಸಿದ ಅಂಕಿಗಳನ್ನೇ ಒಂದು ಚುಕ್ಕಿ ಆಚೀಚೆ ಆಗದಂತೆ ಅಲ್ಲೂ ಕೂರಿಸಿದೆ. ಇಂಟರ್ನೆಟ್ ಬಂತು. ಮಲ್ಲಪ್ಪ ನನ್ನನ್ನು ಕಣ್ಣರಳಿಸಿ ನೋಡಿದ. ಸುವರ್ಣಾ ಏಲಕ್ಕಿ ಹಾಕಿದ ಚಹಾ ಮಾಡಿದಳು. ಇಷ್ಟು ದಿನ ಪಾಠ ಹೇಳಿದರೂ ಅಂಥ ಗೌರವದ ಚಹಾ ನನಗೆ ಯಾರೂ ಕೊಟ್ಟಿರಲಿಲ್ಲ.

ನೀವು ಈ ವಿದ್ಯೆ ಬಲ್ಲವರಾದರೆ ಈಗಾಗಲೇ ಹಣೆಗೆ ಕೈ ಹಚ್ಚಿಕೊಂಡಿರುತ್ತೀರಿ. ಬಲ್ಲವರಲ್ಲದಿದ್ದರೆ ಇಷ್ಟು ತಿಳಿದರೆ ಸಾಕು: ಒಂದೇ ಡಬ್ಬಿಗೆ ಜೋಡಿಸಿದ ಎರಡು ಕಂಪ್ಯೂಟರುಗಳಿಗೆ ಒಂದೇ ಅಂಕಿ ಇರಬಾರದು. ಇದ್ದರೆ, ಮೊದಲು ಎದ್ದದ್ದು ಕೆಲಸ ಮಾಡುತ್ತದೆ, ಆಮೇಲೆ ಎದ್ದದ್ದು ಬಾಯಿ ಬಡಿದುಕೊಳ್ಳುತ್ತದೆ. ತಮಾಷೆ ಏನೆಂದರೆ, ಆರು ತಿಂಗಳು ಏನೂ ಆಗಲಿಲ್ಲ. ನಾನು ಹಗಲೆಲ್ಲ ಸಾಲೆಯಲ್ಲಿ ಇರುತ್ತಿದ್ದೆ, ಆಗ ಅವಳು ಕೆಲಸ ಮಾಡುತ್ತಿದ್ದಳು. ನಾನು ಸಂಜೆ ಬಂದು ಕೂರುವ ಹೊತ್ತಿಗೆ ಅವಳು ಯಂತ್ರ ಆರಿಸಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಅಜ್ಞಾನ ಸಾಲೆಯ ಗಂಟೆಯ ಆಸರೆಯಲ್ಲಿ ಸುಖವಾಗಿ ಬದುಕಿತ್ತು.

ಬೇಸಗೆ ಸೂಟಿ ಬಂತು. ಅದೇ ಲಗ್ನದ ಕಾಲ. ಸುವರ್ಣಾಳಿಗೆ ಮೊದಲ ದೊಡ್ಡ ಕೆಲಸ ಬಂದಿತ್ತು. ಇಚಲಕರಂಜಿಯ ಒಬ್ಬ ಸೀರೆ ವ್ಯಾಪಾರಿ ಅವಳ ದಡಿಗಳನ್ನು ನೋಡಿ, ಲಗ್ನದ ಸೀರೆಗೆ ಒಂದು ಹೊಸ ನಕ್ಷೆ ಕೇಳಿದ್ದ. ಅವನು ತಿದ್ದುಪಡಿ ಹೇಳಿದ ದಿನವೇ ತಿದ್ದಿ ಕಳಿಸಬೇಕು, ತಡವಾದರೆ ಬೇರೆಯವರಿಗೆ ಕೊಡುತ್ತೇನೆ ಎಂಬ ಷರತ್ತು. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಗರಜೂ ನನಗೆ ಬೀಳಲಿಲ್ಲ, ಏಕೆಂದರೆ ನಾನು ಹಗಲೆಲ್ಲ ಮನೆಯಲ್ಲಿ ಕುಳಿತು ಇಂಟರ್ನೆಟ್ಟಿನಲ್ಲಿ ಸಕ್ಕರೆ ಕಾಯಿಲೆಯ ಲಕ್ಷಣಗಳನ್ನು ಓದುತ್ತಿದ್ದೆ. ಅವೆಲ್ಲ ನನಗೆ ಇದ್ದವು.

ಒಂದು ಬೆಳಗ್ಗೆ ಪರದೆಯ ಮೂಲೆಯಲ್ಲಿ ಹಳದಿ ಗುಳ್ಳೆಯಂಥದೊಂದು ಎದ್ದಿತು. ಕನ್ನಡಕ ಏರಿಸಿ ಓದಿದೆ. ನಿನ್ನ ವಿಳಾಸವನ್ನು ಇನ್ನೊಂದು ಯಂತ್ರ ಬಳಸುತ್ತಿದೆ, ಜಗಳವಾಗಿದೆ ಎಂಬುದು ಅದರ ತಾತ್ಪರ್ಯ. ಇಂಟರ್ನೆಟ್ ನಿಂತಿತ್ತು. ಯೋಚಿಸಿದೆ. ಇನ್ನೊಂದು ಯಂತ್ರ ಎಂದರೆ ಗೋಡೆಯಾಚೆಯದೇ. ಅಂದರೆ ಆ ಹುಡುಗಿ ಏನೋ ಒತ್ತಬಾರದ್ದನ್ನು ಒತ್ತಿದ್ದಾಳೆ. ಮರುದಿನ ಅವಳಿಗಿಂತ ಮೊದಲೇ ಎದ್ದು, ಮುಖ ತೊಳೆಯದೆ ಕಂಪ್ಯೂಟರ್ ಹಚ್ಚಿದೆ. ಇಂಟರ್ನೆಟ್ ಬಂತು. ಅದರ ಮರುದಿನ ಅವಳು ನನಗಿಂತ ಮೊದಲು ಎದ್ದಳು. ಹೀಗೆ, ಮುಧೋಳದ ಬಸ್ಸಿಗೆ ಕಿಟಕಿಯಿಂದ ಟವೆಲ್ಲು ಒಗೆದು ಸೀಟು ಹಿಡಿದ ಹಾಗೆ, ನಾವಿಬ್ಬರೂ ದಿನಾ ನಸುಕಿನಲ್ಲಿ ಎದ್ದು ಒಂದೇ ಸೀಟಿಗೆ ಟವೆಲ್ಲು ಹಾಕತೊಡಗಿದೆವು. ನಡುವೆ ಕರೆಂಟು ಹೋಗಿ ಬಂದರೆ ಮತ್ತೆ ಮೊದಲಿನಿಂದ ಓಟ.

ನಾಲ್ಕನೆಯ ದಿನ ಮಲ್ಲಪ್ಪನೇ ಬಂದ. ಮಗಳ ಕೆಲಸ ನಿಂತಿದೆ, ಒಮ್ಮೆ ಬಂದು ನೋಡುತ್ತೀರಾ ಎಂದು ಮೆತ್ತಗೆ ಕೇಳಿದ. ನಾನು ನೋಡಲು ಏಳಲಿಲ್ಲ. ಕುಳಿತಲ್ಲಿಯೇ ಪಾಠ ಹೇಳಿದೆ. ನಿಮ್ಮ ಮಗಳ ಯಂತ್ರ ನನ್ನ ವಿಳಾಸ ಬಳಸುತ್ತಿದೆ, ಇದನ್ನು ನಾನು ಹೇಳುತ್ತಿಲ್ಲ, ಕಂಪ್ಯೂಟರೇ ಬರೆದು ತೋರಿಸಿದೆ, ಒಬ್ಬರ ವಿಳಾಸ ಇನ್ನೊಬ್ಬರು ತೆಗೆದುಕೊಳ್ಳುವುದು ಸರಿಯಲ್ಲ ಎಂದೆ. ಹೇಳುವಾಗ ಸೀಮೆಸುಣ್ಣದ ಕಡ್ಡಿ ಹಿಡಿದಂತೆ ಬೆರಳು ಎತ್ತಿದ್ದೆನಂತೆ. ಇದು ಗಿರಿಜಾ ಹೇಳಿದ್ದು. ಮಲ್ಲಪ್ಪ ಕಳಚಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡ.

"ಮಾಸ್ತರ, ನಾವು ಯಾರ ನೂಲೂ ಕದ್ದವರಲ್ಲ," ಎಂದ. "ನಿಮ್ಮ ಅಡ್ರೆಸ್ ನಿಮಗ ಇರ್ಲಿ."

ಅವನು ಹೋದ ಸ್ವಲ್ಪ ಹೊತ್ತಿಗೆ ನೀಲಿ ಕೇಬಲ್ಲು ಗೋಡೆಯಾಚೆಯಿಂದ ಸರಸರ ಜಾರಿತು. ನೂಲಿನ ಲಡಿ ಸುತ್ತಿದಷ್ಟು ನೀಟಾಗಿ ಸುತ್ತಿ, ನಡುವೆ ಗಂಟು ಹಾಕಿ, ಅವನು ಅದನ್ನು ನಮ್ಮ ಕಟ್ಟೆಯ ಮೇಲೆ ಇಟ್ಟು ಹೋದ. ಅವನು ಅದನ್ನು ಸಿಟ್ಟಿನಿಂದ ಎಸೆದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೇಬಲ್ಲು ಹೋದ ಕೂಡಲೇ ನನ್ನ ಇಂಟರ್ನೆಟ್ ಓಡತೊಡಗಿತು. ಹಳದಿ ಗುಳ್ಳೆ ಮತ್ತೆ ಏಳಲಿಲ್ಲ. ಗಣಿತದ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಸಾಧನೆ ಏನು ಬೇಕು? ಅವರನ್ನು ತೆಗೆದರೆ ದೋಷವಿಲ್ಲ. ಆದ್ದರಿಂದ ದೋಷ ಅವರದೇ. ಈ ಪ್ರಮೇಯವನ್ನು ನಾನು ಗಿರಿಜಾಳಿಗೆ ಊಟದ ಹೊತ್ತಿಗೆ ಎರಡು ಸಲ ವಿವರಿಸಿದೆ. ಅವಳು ಕೇಳುತ್ತ ಕಿಟಕಿಯಾಚೆ ನೋಡುತ್ತಿದ್ದಳು. ಸುವರ್ಣಾ ಉರಿಬಿಸಿಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಬಸ್ ನಿಲ್ದಾಣದ ಕಡೆ ಹೊರಟಿದ್ದಳು. ಊರಲ್ಲಿದ್ದ ಇಂಟರ್ನೆಟ್ ಅಂಗಡಿ ಮುಚ್ಚಿತ್ತು. ನಕ್ಷೆಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಅವಳು ಜಮಖಂಡಿಗೆ ಹೋಗಿ ಅಲ್ಲಿಂದ ಕಳಿಸುತ್ತಿದ್ದಳು. ವ್ಯಾಪಾರಿ ತಿದ್ದಲು ಹೇಳಿದರೆ ತಿರುಗಿ ಬಂದು, ತಿದ್ದಿ, ಮತ್ತೆ ಹೋಗಬೇಕು. ಇದೆಲ್ಲ ಗಿರಿಜಾಳಿಗೆ ಗೊತ್ತಿತ್ತು. ಗೋಡೆಯಾಚೆಯ ಸುವರ್ಣಾಳ ಜೊತೆ ಅವಳ ಮಾತು ನಿಂತಿರಲಿಲ್ಲ. ಜಗಳ ಗಂಡಸರದು ಮಾತ್ರ ಎಂದು ಅವಳೇ ತೀರ್ಮಾನಿಸಿದ್ದಳು.

"ಎರಡೂ ಮಷೀನಿಗೆ ಒಂದ ನಂಬರ್ ಅಂತ ಜಗಳ ಅಲ್ಲೇನ್ರಿ?" ಎಂದು ಕೇಳಿದಳು. ಹೌದೆಂದೆ. ಆಗ ಅವಳು ತಾಟು ಸರಿಸಿ ತನ್ನ ತವರಿನ ಒಂದು ಕತೆ ಹೇಳಿದಳು.

ಗಿರಿಜಾ ಬೀಳಗಿ ಕಡೆಯವಳು. ಅನಗವಾಡಿಯಿಂದ ಬಹಳ ದೂರವಿಲ್ಲದ ಅವಳ ಊರು ಆಣೆಕಟ್ಟಿನ ಹಿನ್ನೀರಿಗೆ ಹೋಯಿತು. ಊರವರಿಗೆಲ್ಲ ಎತ್ತರದ ಜಾಗದಲ್ಲಿ ಪ್ಲಾಟು ಕೊಟ್ಟರು. ಒಬ್ಬ ಕಾರಕೂನ ಮೇಜು ಹಾಕಿಕೊಂಡು ಕುಳಿತು ಎಲ್ಲರಿಗೂ ನಂಬರಿನ ಚೀಟಿ ಬರೆದುಕೊಟ್ಟ. ನಮ್ಮ ಮಾವನಿಗೆ ಬಂದದ್ದು ನೂರಾ ಹದಿನೆಂಟು. ಹೋಗಿ ನೋಡಿದರೆ ಅಲ್ಲಿ ಕುಂಬಾರ ಓಣಿಯ ಮುದುಕನೊಬ್ಬ ಆಗಲೇ ಮೂರು ಕಲ್ಲಿಟ್ಟು ಒಲೆ ಹೂಡಿದ್ದ. ಅವನ ಚೀಟಿಯಲ್ಲೂ ನೂರಾ ಹದಿನೆಂಟು. ಮಾವ ಇನ್ನೊಂದು ಮೂಲೆಯಲ್ಲಿ ಆಡು ಕಟ್ಟಿದ. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳ ಎಂದರು. ಹದಿನೈದು ದಿನ ಇಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಆ ಬಯಲಿನಲ್ಲಿ ಗಿಡವೆಂಬುದಿಲ್ಲ; ಇದ್ದದ್ದು ಒಂದೇ ತಾಡಪತ್ರಿಯ ನೆರಳು. ಮಧ್ಯಾಹ್ನವಾದರೆ ಇಬ್ಬರೂ ಅದರ ಕೆಳಗೆ ಬೆನ್ನಿಗೆ ಬೆನ್ನು ಹಚ್ಚಿ, ಮಾತಿಲ್ಲದೆ, ಒಬ್ಬ ಮೂಡಣಕ್ಕೆ ಒಬ್ಬ ಪಡುವಣಕ್ಕೆ ಮುಖ ಮಾಡಿ ಕೂರುತ್ತಿದ್ದರಂತೆ. ಕೊನೆಗೆ ಕಾರಕೂನ ಬಂದ. ಎರಡೂ ಚೀಟಿ ನೋಡಿದ. ಅಂದು ಊಟಕ್ಕೆ ಎದ್ದು ಹೋಗಿದ್ದೆ, ತಿರುಗಿ ಬಂದು ಅದೇ ಸಾಲಿನಿಂದ ಬರೆದಿರಬೇಕು ಎಂದು ಹೇಳಿ, ಮುದುಕನ ಚೀಟಿ ತಿದ್ದಿ ನೂರಾ ಹತ್ತೊಂಬತ್ತು ಮಾಡಿ ಹೋದ. ಆ ಪ್ಲಾಟು ಬಾಜೂಕೆ ಖಾಲಿಯೇ ಬಿದ್ದಿತ್ತು.

"ಎರಡೂ ಚೀಟಿ ಬರದಾಂವ ಒಬ್ಬನ ಕಾರಕೂನ ಇದ್ದ," ಎಂದಳು ಗಿರಿಜಾ. "ನಿಮ್ಮಲ್ಲಿ ಕಾರಕೂನ ಯಾರು?"

ಉತ್ತರ ಗೊತ್ತಿದ್ದೇ ನಾನು ಇನ್ನೊಂದು ರೊಟ್ಟಿ ಕೇಳಿದೆ. ಅವಳು ರೊಟ್ಟಿ ಹಾಕಿ ಒಳಗೆ ಹೋದಳು.

ಆದರೂ ಮನುಷ್ಯ ಅಷ್ಟು ಬೇಗ ಒಪ್ಪುತ್ತಾನೆಯೇ? ಮರುದಿನ ದಸ್ತಗೀರ ನಮ್ಮ ಓಣಿಯ ಕಂಬದ ಮೇಲೆ ಕಂಡ. ಅವನು ಇಳಿಯುವವರೆಗೆ ಕೆಳಗೆ ನಿಂತು, ನನ್ನ ಗೆಳೆಯನೊಬ್ಬನಿಗೆ ಹೀಗಾಗಿದೆ, ಅವನ ಮನೆ ಮುಧೋಳದಲ್ಲಿ ಎಂದು ಶುರು ಮಾಡಿ ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ. ನಿಮ್ಮ ಗೆಳೆಯನ ಕೇಬಲ್ಲೂ ನೀಲಿಯೇನು ಎಂದು ಕೇಳಿದ. ಹೌದೆಂದೆ. ಕಂಬದ ಮೇಲಿಂದ ಎಲ್ಲರ ಮನೆಯ ಕಟ್ಟೆಯೂ ಕಾಣುತ್ತದೆ, ಅದರ ಮೇಲೆ ಇಟ್ಟದ್ದೂ ಕಾಣುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

"ನಾ ಹಚ್ಚಿ ಹೋದಾಗ ಛಲೋ ಇತ್ತಲ್ರಿ ಸರ್," ಎಂದ. "ನಂಬರ್ ಕೊಡೂದು ಡಬ್ಬಿ ಕೆಲಸರಿ. ಯಾರ್ಯಾರು ಬಂದಾರ ಅಂತ ಅದಕ್ಕ ಗೊತ್ತಿರ್ತೈತಿ. ನೀವು ಕೈ ಬಿಟ್ರ ಅದು ಒಬ್ಬೊಬ್ರಿಗೂ ಬ್ಯಾರೆ ಕೊಡತೈತಿ. ನಿಮ್ಮ ಗೆಳೆಯಾಗ ಹೇಳ್ರಿ."

ಅಂದೇ ಮನೆಗೆ ಬಂದು ನನ್ನ ಅಂಕಿಯನ್ನು ಅಳಿಸಿ, ವಿಳಾಸವನ್ನು ತಾನಾಗಿ ಪಡೆಯಲಿ ಎಂಬಲ್ಲಿ ಚುಕ್ಕಿ ಇಟ್ಟೆ. ನನ್ನ ಸಹಾಯವಿಲ್ಲದೆ ಎಲ್ಲ ನಡೆಯಿತು. ಇನ್ನು ಉಳಿದದ್ದು ಮಲ್ಲಪ್ಪನ ಮನೆ. ಕ್ಷಮೆ ಕೇಳುವುದು ನನಗೆ ಅಭ್ಯಾಸವಿಲ್ಲದ ವಿಷಯ. ಆ ವಿಷಯದ ತರಬೇತಿ ಜಮಖಂಡಿಯಲ್ಲೂ ಕೊಟ್ಟಿರಲಿಲ್ಲ. ಹಾಗಾಗಿ ಒಂದು ಉಪಾಯ ಹೂಡಿದೆ. ಮಗ್ಗ ಓಡುವಾಗ ಶೆಡ್ಡಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ನಾಲ್ಕು ಮಗ್ಗದ ಖಟಪಟದ ನಡುವೆ ಹೇಳಿಬಿಟ್ಟರೆ ಮಲ್ಲಪ್ಪನಿಗೆ ಮಾತ್ರ ಕೇಳುತ್ತದೆ, ಓಣಿಗೆ ಕೇಳುವುದಿಲ್ಲ.

ಹನ್ನೊಂದರ ಸುಮಾರಿಗೆ ಹೋದೆ. ಮಗ್ಗಗಳು ಭರಾಟೆಯಲ್ಲಿ ಓಡುತ್ತಿದ್ದವು. ಮಲ್ಲಪ್ಪ ತುಂಡಾದ ಎಳೆಯೊಂದನ್ನು ಗಂಟು ಹಾಕುತ್ತಿದ್ದ. ನನ್ನನ್ನು ನೋಡಿದ, ಕೈ ನಿಲ್ಲಿಸಲಿಲ್ಲ. ನಾನು ಅವನ ಕಿವಿಯ ಕಡೆ ಬಾಗಿ, ಉಸಿರು ಎಳೆದುಕೊಂಡು, ಸಾಲೆಯ ಮೈದಾನದಲ್ಲಿ ಮಕ್ಕಳನ್ನು ಸಾಲು ಹಚ್ಚುವ ಧ್ವನಿಯಲ್ಲಿ ಕೂಗತೊಡಗಿದೆ. ತಪ್ಪು ನಂದು, ನಿಮ್ಮ ಮಗಳದಲ್ಲ ಎಂಬಲ್ಲಿವರೆಗೆ ಉಪಾಯ ಸರಿಯಾಗಿ ನಡೆಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಒಂದು ಮಗ್ಗ ನಿಂತರೆ ಗೊತ್ತಾಗುವುದಿಲ್ಲ. ಇಡೀ ಊರಿನ ಮಗ್ಗ ಒಂದೇ ಏಟಿಗೆ ನಿಂತರೆ ಕಿವಿಯಲ್ಲಿ ಬಾವಿ ತೋಡಿದಷ್ಟು ಮೌನ. ಆ ಮೌನದೊಳಗೆ, ಹತೋಟಿ ತಪ್ಪಿದ ಸೈಕಲ್ಲಿನಂತೆ ನನ್ನ ಬಾಯಿ ಮುಂದಕ್ಕೆ ಓಡಿತು:

"ಎರಡೂ ಮನಿಗೆ ಒಂದ ನಂಬರ್ ಬರದ ಹುಚ್ಚ ನಾನ!"

ಮೂರು ಓಣಿಗೆ ಕೇಳಿರಬೇಕು. ಎದುರು ಮನೆಯ ಮುದುಕಿ ಬೀಸಣಿಕೆ ಹಿಡಿದು ಹೊರಗೆ ಬಂದಳು. ಮಗ್ಗ ನಡೆಸುವ ಇಬ್ಬರು ಆಳುಗಳು ನೂಲಿನ ಮರೆಯಲ್ಲಿ ಮುಖ ಮುಚ್ಚಿಕೊಂಡರು. ಅಳುವ ಕೂಸಿನ ಮನೆಯ ಆ ದೊಡ್ಡ ಮನುಷ್ಯನೂ ಬಾಗಿಲಲ್ಲಿ ಬಂದು ನಿಂತ. ಮಲ್ಲಪ್ಪ ಎಳೆಯ ಗಂಟನ್ನು ಬಿಗಿದು, ಉಳಿದ ತುದಿಯನ್ನು ಹಲ್ಲಿನಿಂದ ಕಚ್ಚಿ ತೆಗೆದು, ನನ್ನ ಕಡೆ ತಿರುಗಿದ.

"ಮೊದಲಿಂದು ಅರ್ಧಾ ಕೇಳ್ಸಲಿಲ್ಲ ಮಾಸ್ತರ," ಎಂದ. "ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದೆ. ಆ ಸ್ತಬ್ಧ ಊರಿನಲ್ಲಿ, ಮೊದಲಿನಿಂದ ಕೊನೆಯವರೆಗೆ, ಮಾಮೂಲಿ ಧ್ವನಿಯಲ್ಲಿ, ಅವನ ಮುಖ ನೋಡಿಕೊಂಡು ಹೇಳಿದೆ. ನಿಮ್ಮನ್ನು ಕಳ್ಳರು ಅಂದಂತಾಯಿತು, ಹಾಗೆ ಅನ್ನಬಾರದಿತ್ತು ಎಂದೂ ಸೇರಿಸಿದೆ. ಅವನು ಕೇಳಿಸಿಕೊಂಡ. ತಲೆಯಾಡಿಸಿದ. ಒಳಗೆ ಬರ್ರಿ ಎಂದ.

ಕರೆಂಟು ಬಂದ ಮೇಲೆ ಸುವರ್ಣಾ ಕಂಪ್ಯೂಟರ್ ಹಚ್ಚಿದಳು. ಈ ಸಲ ಕುರ್ಚಿ ಬಿಟ್ಟುಕೊಡಲಿಲ್ಲ. ನನ್ನನ್ನು ಬಾಜೂಕೆ ಸ್ಟೂಲಿನ ಮೇಲೆ ಕೂರಿಸಿ, ನೀವು ಹೇಳ್ರಿ ಸರ್, ನಾ ಒತ್ತತೇನಿ ಎಂದಳು. ನಾನು ಹೇಳುತ್ತ ಹೋದೆ: ಕಂಟ್ರೋಲ್ ಪ್ಯಾನೆಲ್ ತೆರೆ, ನೆಟ್‌ವರ್ಕಿನ ಚಿತ್ರ ಒತ್ತು, ಅದರ ಪ್ರಾಪರ್ಟೀಸಿಗೆ ಹೋಗು, ಇಂಟರ್ನೆಟ್ ಪ್ರೊಟೊಕಾಲ್ ಎಂಬ ಸಾಲು ಹುಡುಕು. ಮುಂದಿನದನ್ನು ಹೇಳುವ ಮೊದಲೇ ಅವಳು ನನ್ನ ಅಂಕಿಗಳ ಗೂಡನ್ನು ಕಂಡು, ಅದರ ಮೇಲಿನ ಸಾಲಿನಲ್ಲಿ, ತಾನಾಗಿ ಪಡೆಯಲಿ ಎಂಬುದರ ಮುಂದೆ ಚುಕ್ಕಿ ಇಟ್ಟಳು. ನಾನು ಕೂರಿಸಿದ್ದ ಅಂಕಿಗಳೆಲ್ಲ ಮಂಕಾಗಿ ಮಾಯವಾದವು. ಕೇಬಲ್ಲು ಮತ್ತೆ ಗೋಡೆ ದಾಟಿತ್ತು. ಎರಡೂ ಮನೆಯಲ್ಲಿ ಒಟ್ಟಿಗೆ ಇಂಟರ್ನೆಟ್ ಬಂತು. ಯಾವ ನಂಬರು ಬಂದಿದೆ ನೋಡವ್ವ, ಬರೆದಿಟ್ಟುಕೊಳ್ಳೋಣ ಎಂದೆ.

"ಯಾವ್ದರ ಇರವಲ್ದ್ಯಾಕ್ರಿ ಸರ್," ಎಂದಳು. "ಕೆಲಸ ನಡದ್ರ ಆತು."

ಆಮೇಲೆ ಇ-ಮೇಲ್ ತೆರೆದು ನೋಡಿ, ಅದೇ ಧ್ವನಿಯಲ್ಲಿ, ಲಗ್ನದ ಸೀರೆಯ ಆರ್ಡರ್ ನಿನ್ನೆಯೇ ಬೇರೆಯವರಿಗೆ ಹೋಯಿತು ಎಂದಳು. ಹಿಂದಿನ ದಿನ ಬಸ್ಸು ಕೆಟ್ಟು ನಿಂತಿತ್ತಂತೆ. ಅವಳು ಜಮಖಂಡಿ ಮುಟ್ಟಿ ತಿದ್ದಿದ ನಕ್ಷೆ ಕಳಿಸುವ ಹೊತ್ತಿಗೆ ಸಂಜೆಯಾಗಿತ್ತು. ವ್ಯಾಪಾರಿ ಎರಡೇ ಸಾಲು ಬರೆದಿದ್ದ. ಅವಳು ಅಳಲಿಲ್ಲ. ಪೆನ್‌ಡ್ರೈವ್ ಕಟ್ಟಿದ್ದ ಕರವಸ್ತ್ರವನ್ನು ಬಿಚ್ಚಿ, ಮಡಿಕೆ ಸರಿಮಾಡಿ, ಮತ್ತೆ ಮಡಿಚಿಟ್ಟಳು. ಚಹಾ ಮಾಡಿದಳು, ಅದಕ್ಕೆ ಏಲಕ್ಕಿಯನ್ನೂ ಹಾಕಿದ್ದಳು. ನನ್ನಿಂದ ಅದನ್ನು ಕುಡಿಯಲಾಗಲಿಲ್ಲ.

ಆ ವಾರವೇ ನಾನು, ಮಲ್ಲಪ್ಪ, ಸುವರ್ಣಾ ಮೂವರೂ ಬಸ್ಸು ಹತ್ತಿ ಇಚಲಕರಂಜಿಗೆ ಹೋದೆವು. ಮಲ್ಲಪ್ಪ ಬೇಡವೆಂದಿದ್ದ, ಹೋದದ್ದು ಹೋಯಿತು ಎಂದಿದ್ದ. ಹಠ ಹಿಡಿದವನು ನಾನು. ವ್ಯಾಪಾರಿ ಗಾದಿಯ ಮೇಲೆ ಒರಗಿ ಕುಳಿತಿದ್ದ. ನಾನು ಎದುರಿಗೆ ನಿಂತು, ನನಗೆ ಬರುವಷ್ಟು ಮರಾಠಿಯಲ್ಲಿ, ಈ ಹುಡುಗಿ ತಡ ಮಾಡಿಲ್ಲ, ತಡವಾಗಲು ನಾನು ಕಾರಣ, ವಿಳಾಸದ ಗೊಂದಲ ನನ್ನದು ಎಂದು ಹೇಳಿದೆ. ನನ್ನ ಮರಾಠಿ ಮುಧೋಳ ದಾಟುವುದಿಲ್ಲ. ಅವನಿಗೆ ತಿಳಿದದ್ದು, ಈ ಮುದುಕ ಹುಡುಗಿಯ ನಕ್ಷೆ ಕದ್ದು ಮಾರಲು ಹೋಗಿ ಸಿಕ್ಕಿಬಿದ್ದಿದ್ದಾನೆ, ಈಗ ತಪ್ಪೊಪ್ಪಿಗೆ ಹೇಳುತ್ತಿದ್ದಾನೆ ಎಂದು. ಇವನನ್ನು ಪೊಲೀಸರಿಗೆ ಕೊಟ್ಟಿದ್ದೀರಾ ಎಂದು ಮಲ್ಲಪ್ಪನನ್ನು ಗಂಭೀರವಾಗಿ ಕೇಳಿದ. ಸುವರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದೂ ಸಾಲದೆ ಬಾಗಿ ನಗತೊಡಗಿದಳು. ಆಮೇಲೆ ಅವಳೇ ತನ್ನ ಮಾತಿನಲ್ಲಿ ಎಲ್ಲ ಬಿಡಿಸಿ ಹೇಳಿದಳು. ಅವಳ ಮರಾಠಿ ನನ್ನದಕ್ಕಿಂತ ಎಷ್ಟೋ ಶುದ್ಧ. ವ್ಯಾಪಾರಿಯೂ ನಕ್ಕ. ಲಗ್ನದ ಸೀರೆ ಆಗುವುದಿಲ್ಲ, ಅದು ಆಗಲೇ ಮಗ್ಗ ಏರಿದೆ ಎಂದ. ಆದರೆ ದಿನ ಉಡುವ ಸೀರೆಗೆ ಎರಡು ಬೆರಳಗಲದ ಒಂದು ದಡಿ ಬೇಕಾಗಿತ್ತು. ಅ‌ವಳ ಬಳಿ ಅಂಥದೊಂದು ಇತ್ತು, ಅಕ್ಕಿಕಾಳು ಜೋಡಿಸಿಟ್ಟಂಥ ಸಣ್ಣ ಸಾಲಿನದು. ಅವನು ಅದನ್ನೇ ಆರಿಸಿದ. ಅದು ಲಗ್ನದ ಸೀರೆಯಷ್ಟು ದೊಡ್ಡ ಕೆಲಸವಲ್ಲ, ಆದರೆ ಆ ದಡಿ ಓಡಿತು. ಅದರ ಹಿಂದೆ ಮತ್ತೊಂದು ಕೇಳಿದ, ಆಮೇಲೆ ಮತ್ತೊಂದು. ಈಗ ಸುವರ್ಣಾಳ ಕೈ ಕೆಳಗೆ ನಾಲ್ಕು ಹೆಣ್ಣುಮಕ್ಕಳು ನಕ್ಷೆ ತೆಗೆಯುತ್ತಾರೆ.

ಮಗ್ಗದ ಮೇಲೆ ಏರುವ ಪ್ರತಿ ದಡಿಗೂ ಒಂದು ಹೆಸರು ಬೇಕು. ಮಲ್ಲಪ್ಪನ ಆಳುಗಳು ಆ ಅಕ್ಕಿಕಾಳಿನ ದಡಿಗೆ ಮಾಸ್ತರ ದಡಿ ಎಂದು ಹೆಸರಿಟ್ಟರು. ಸುವರ್ಣಾ ಬೇಡ ಎನ್ನಲಿಲ್ಲ. ನಾನು ಬೇಡವೆಂದು ಎಷ್ಟು ಹೇಳಿದರೂ ಮಗ್ಗದ ಸಪ್ಪಳದಲ್ಲಿ ಅವರಿಗೆ ಕೇಳುತ್ತಿರಲಿಲ್ಲ.

ಇದಾಗಿ ಕೆಲವು ವರ್ಷದ ಮೇಲೆ ಒಂದು ಲಗ್ನಕ್ಕೆಂದು ಗಿರಿಜಾ ಮತ್ತು ನಾನು ಮಹಾಲಿಂಗಪುರಕ್ಕೆ ಹೋಗಿದ್ದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು, ನಿಲ್ದಾಣದ ಹತ್ತಿರದ ಅರಿವೆ ಅಂಗಡಿಗೆ ಹೋಗಿ ಕುಳಿತೆವು. ಅಂಗಡಿಯವನು ಸೀರೆ ಹಾಸುತ್ತ, ಇದು ಮಾಸ್ತರ ದಡಿ, ಬಹಳ ಓಡುತ್ತದೆ ಎಂದ. ಈ ಹೆಸರು ಯಾಕೆ ಬಂತೆಂದು ಗಿರಿಜಾ ಏನೂ ಅರಿಯದವಳಂತೆ ಕೇಳಿದಳು. ಅವನು ಕತೆ ಹೇಳಿದ. ಬನಹಟ್ಟಿಯಲ್ಲಿ ಒಬ್ಬ ಮಾಸ್ತರ ಇದ್ದನಂತೆ, ಬಹಳ ಶಾಣ್ಯಾ, ಆದರೆ ತಲೆ ತುಸು ಸರಿಯಿರಲಿಲ್ಲ. ಊರಿನ ಮನೆಗಳಿಗೆಲ್ಲ ಒಂದೇ ನಂಬರು ಬರೆಯುತ್ತ ತಿರುಗುತ್ತಿದ್ದನಂತೆ. ಒಬ್ಬ ನೇಕಾರನ ಮಗಳು ಕನಿಕರಪಟ್ಟು ಅವನ ಹೆಸರಿನಲ್ಲಿ ಈ ದಡಿ ತೆಗೆದಳಂತೆ. ನಾನು ಬಾಯಿ ತೆರೆಯುವುದರೊಳಗೆ ಗಿರಿಜಾ ನನ್ನ ಮೊಣಕಾಲು ಒತ್ತಿ ಹಿಡಿದು, ಆ ಮಾಸ್ತರರು ಈಗೆಲ್ಲಿದ್ದಾರೆ ಎಂದು ಕೇಳಿದಳು.

"ತೀರಿಕೊಂಡ್ರಂತ್ರಿ ಪಾಪ," ಎಂದ ಅವನು.

ಗಿರಿಜಾ ನನ್ನ ಕಡೆ ಒಮ್ಮೆ ನೋಡಿದಳು. ಸೀರೆಯ ದಡಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದ್ದಾಗ ಮನಿಯವರ್ನ ಭಾಳ ಕಾಡಿರಬೇಕ್ರಿ," ಎಂದಳು. "ಎರಡು ಸೀರಿ ಕಟ್ರಿ. ಒಂದು ನನಗ, ಒಂದು ಸುವರ್ಣಾಗ."

ಗಂಟು ನನ್ನ ಕೈಗೆ ಕೊಟ್ಟಳು. ತೀರಿಕೊಂಡವರು ಮಾತಾಡುವ ಪದ್ಧತಿ ಇಲ್ಲವಾದ್ದರಿಂದ ನಾನು ಅದನ್ನು ಸುಮ್ಮನೆ ಹೊತ್ತುಕೊಂಡು ಅವಳ ಹಿಂದೆ ಬಸ್ಸಿನ ಕಡೆ ನಡೆದೆ.